ಚೆಂಡು ಕಳೆದುಕೊಂಡ ಮೇಲೆ



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಕೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಬಲ್ಲ ಮಕ್ಕಳು ಇಲ್ಲೇ ಕೂತಿದ್ದಾರೆ. ನಾನು ಹಾಕಿಯ ಬಗ್ಗೆ ಮಾತಾಡುತ್ತೇನೆ. ಕೊಡಗಿನಲ್ಲಿ ನಿಂತು ಹಾಕಿಯ ಬಗ್ಗೆ ಭಾಷಣ ಮಾಡಲು ಧೈರ್ಯ ಬೇಕು, ಗೊತ್ತಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿಗೆ ಬಂದಾಗ 360 ಕುಟುಂಬಗಳ ತಂಡಗಳಿದ್ದವು. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಓಡುವ ನೆಲ ಇದು. ಒಲಿಂಪಿಕ್ಸ್ ಆಡಿದವರ ಕಥೆಗಳನ್ನು ನೀವೇ ನನಗೆ ಹೇಳಬಲ್ಲಿರಿ. ನನ್ನ ಮಾತು ಪದಕದ ಆಸೆಯಿಲ್ಲದೆ ಸುಮ್ಮನೆ ಖುಷಿಗೆ ಆಡುವವರ ಬಗ್ಗೆ.

ಒಂಬತ್ತನೇ ತರಗತಿಯಲ್ಲಿ ನಾನು ಫಾರ್ವರ್ಡ್. ಸ್ಟಿಕ್ ಕೈಯಲ್ಲಿದ್ದರೆ ಇಡೀ ಮೈದಾನ ನನ್ನದೇ ಅನ್ನಿಸುತ್ತಿತ್ತು. ಒಂದು ಪಂದ್ಯದಲ್ಲಿ ಇಬ್ಬರನ್ನು ದಾಟಿಸಿ ಮೂರನೆಯವನ ಬಳಿ ಚೆಂಡು ಕಳೆದುಕೊಂಡೆ. ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅದೇ ಚೆಂಡು ನಮ್ಮ ಗೋಲಿಗೆ ಹೋಯಿತು. ಪಂದ್ಯ ಮುಗಿದ ಮೇಲೆ ಪಿ.ಟಿ. ಸರ್ ಕರೆದು ಹೇಳಿದರು: "ಚೆಂಡು ಹೋಗಿದ್ದಕ್ಕೆ ಬೈಯಲ್ಲ ಕಣೋ. ಎಲ್ಲರ ಕೈಯಿಂದಲೂ ಹೋಗುತ್ತೆ. ನೀನು ನಿಂತೆಯಲ್ಲ, ಅದಕ್ಕೆ ಬೈತೀನಿ."

ಪ್ಯಾರಿಸ್ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್ ನೋಡುವಾಗ ಈ ಮಾತು ನೆನಪಾಯಿತು. ಬ್ರಿಟನ್ ಎದುರು 17ನೇ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಉಳಿದ ಹತ್ತು ಜನ ಅವರ ಜಾಗವನ್ನೂ ಹಂಚಿಕೊಂಡು ಓಡಿದರು. 1-1ರಲ್ಲಿ ಆಟ ಮುಗಿಸಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದರು. ಅಂದು ನಿಂತುಬಿಟ್ಟ ನಾನು ಯಾವ ಕಾರ್ಡೂ ಇಲ್ಲದೆ ನಮ್ಮ ತಂಡವನ್ನು ಹತ್ತಕ್ಕೆ ಇಳಿಸಿದ್ದೆ!

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ನಾವೊಂದಷ್ಟು ಜನ ಸೇರಿ ಆಡುತ್ತೇವೆ. ಅಂಪೈರ್ ಇಲ್ಲ, ಎಷ್ಟು ಗೋಲಾಯಿತೆಂದು ಯಾರಿಗೂ ನೆನಪಿರುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ಲೆಕ್ಕ ಇಡುವವರು ಯಾರೂ ಇಲ್ಲದ ಕಡೆ ಮನುಷ್ಯ ಹೇಗೆ ಓಡುತ್ತಾನೆ ಎನ್ನುವುದನ್ನು ನಾನು ಅಲ್ಲಿ ನೋಡುತ್ತಾ ಬಂದಿದ್ದೇನೆ. ಹಾಕಿಯಲ್ಲಿ ಸೊಂಟ ಬಗ್ಗಿಸಿಯೇ ಓಡಬೇಕು. ಚೆಂಡು ಹೋದ ಕ್ಷಣ ಬೆನ್ನು ನೆಟ್ಟಗಾಗಲು ಹಾತೊರೆಯುತ್ತದೆ. ಆಗ ತಿರುಗಿ ಮತ್ತೆ ಬಗ್ಗುವುದು ಸುಲಭವಲ್ಲ.

ನಮ್ಮ ಗುಂಪಿಗೆ ನನ್ನ ಆಫೀಸಿನ ಒಬ್ಬ ಕಿರಿಯ ಸಹೋದ್ಯೋಗಿಯೂ ಬರುತ್ತಿದ್ದಳು. ಆಟ ಅಷ್ಟಕ್ಕಷ್ಟೇ. ಕೊಟ್ಟ ಪಾಸ್‌ಗಳಲ್ಲಿ ಅರ್ಧ ಎದುರಾಳಿಗಳಿಗೇ ಸಿಗುತ್ತಿತ್ತು. ಆದರೆ ಕಳೆದುಕೊಂಡ ಪ್ರತಿ ಚೆಂಡಿನ ಹಿಂದೆ ನಮ್ಮ ಗೋಲಿನವರೆಗೂ ಓಡುತ್ತಿದ್ದಳು. ನಾವು ನಗುತ್ತಿದ್ದೆವು. ಆಫೀಸಿನಲ್ಲೂ ಕೆಲಸ ಸ್ವಲ್ಪ ನಿಧಾನ. ಹಾಗಾಗಿ ಆ ವರ್ಷದ ಮೌಲ್ಯಮಾಪನದಲ್ಲಿ ಅವಳಿಗೆ 'ಸಾಧಾರಣ' ಎಂದು ಬರೆದು ಕಳಿಸಿದ್ದೆ.

ಅದಾಗಿ ಎರಡು ವಾರಕ್ಕೆ ಒಂದು ರಾತ್ರಿ ನಮ್ಮ ಗ್ರಾಹಕರೊಬ್ಬರ ಬಿಲ್ಲಿಂಗ್ ನಿಂತುಹೋಯಿತು. ನಾನು ಅಂದು ಸಂಜೆ ಸೇರಿಸಿದ್ದ ಕೋಡಿನ ಮೇಲೆ ನನಗೇ ಅನುಮಾನವಿತ್ತು. ಆದರೂ "ನನ್ನ ಭಾಗ ಪರೀಕ್ಷೆಯಾಗಿದೆ, ಬೇರೆಯವರು ನೋಡಲಿ" ಎಂದು ಮೆಸೇಜ್ ಹಾಕಿ ಮಲಗಿದೆ. ಅವಳು ಕೂತು ಹುಡುಕಿದ್ದಾಳೆ. ಬೆಳಗಿನ ಜಾವ ಮೂರೂವರೆಗೆ ತಪ್ಪು ಸಿಕ್ಕಿದೆ. ಅದು ನನ್ನದೇ. ಸರಿಪಡಿಸಿ, ಯಾರ ತಪ್ಪೆಂದು ಬರೆಯದೆ 'ಸರಿಯಾಗಿದೆ' ಎಂದಷ್ಟೇ ಹಾಕಿದ್ದಳು. ಬೆಳಿಗ್ಗೆ ಅದನ್ನು ಓದಿದಾಗ, ಇಪ್ಪತ್ತು ವರ್ಷದ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಹುಡುಗನೇ ಎದುರಿಗೆ ಬಂದಂತಾಯಿತು.

ಮ್ಯಾನೇಜರ್ ಬಳಿ ಹೋಗಿ ತಪ್ಪು ನನ್ನದೆಂದು ಹೇಳಿದೆ. ಅವಳ ಬಗ್ಗೆ ಬರೆದದ್ದನ್ನು ತಿದ್ದಬೇಕೆಂದೂ ಕೇಳಿದೆ. ಮೊದಲನೆಯದನ್ನು ಅವರು ಬರೆದುಕೊಂಡರು. ಎರಡನೆಯದಕ್ಕೆ ಕಾಲ ಮೀರಿದೆ ಎಂದರು. ಆ ವರ್ಷ ಅವಳಿಗೆ ಸಂಬಳ ಹೆಚ್ಚಾಗಲಿಲ್ಲ. ಮುಂದಿನ ವರ್ಷ ಬೇರೆ ಕಂಪನಿ ಸೇರಿದಳು. ಕ್ಷಮೆ ಕೇಳಿದಾಗ "ಬಿಡಿ ಸರ್" ಎಂದಳು, ಅಷ್ಟೇ.

ಹಾಗೆಂದು ಮೈದಾನದಲ್ಲಿ ಓಡುವವರೆಲ್ಲ ಕೆಲಸದಲ್ಲೂ ಹಾಗೇ ಎಂದು ನಾನು ಹೇಳುವುದಿಲ್ಲ. ಭಾನುವಾರ ಕುದುರೆಯಂತೆ ಓಡಿ, ಸೋಮವಾರ ಕೂಲಿ ಕೊಡಲು ಸತಾಯಿಸುವವರನ್ನೂ ಕಂಡಿದ್ದೇನೆ. ರಾತ್ರಿಯಿಡೀ ದುಡಿಯುವುದೇ ದೊಡ್ಡಸ್ತಿಕೆ ಎಂದೂ ಮಕ್ಕಳು ತಿಳಿಯಬೇಡಿ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು. ದಣಿದವನು ಹೊರಗೆ ಬಂದು ನೀರು ಕುಡಿದು ಕೂರುವುದೂ ಆಟದ ಭಾಗವೇ. ಅಂದು ನಾನು ದಣಿದಿರಲಿಲ್ಲ, ತಪ್ಪು ನನ್ನದಿರಬಹುದೆಂದು ಹೆದರಿದ್ದೆ.

ಸರ್ ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸರ್, ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳ ಪಂದ್ಯದಲ್ಲಿ ನನ್ನನ್ನು ಮತ್ತೆ ಫಾರ್ವರ್ಡ್ ಹಾಕಿದ್ದಾರೆ. ಹೊಟ್ಟೆ ಸ್ವಲ್ಪ ಬಂದಿದೆ, ಚೆಂಡು ಖಂಡಿತ ಕಳೆದುಕೊಳ್ಳುತ್ತೇನೆ. ವಾಪಸ್ ಓಡುತ್ತೇನೆ. ಉಸಿರು ಸಾಲದೆ ಹೋದರೆ ಬೇಗ ಯಾರನ್ನಾದರೂ ಬದಲಿಗೆ ಕಳಿಸಿಬಿಡಿ.