ಬಡವನಿಗೂ ಗುಟ್ಟಿನ ಹಕ್ಕುಂಟು
(ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ಮನೆಯ ಗುಟ್ಟು ಕಾಯುವುದು ಉಳ್ಳವರ ಚಾಳಿ, ಬಡವನಿಗೆ ಮುಚ್ಚಿಡಲು ಏನಿದೆ ಎಂದು ನಮ್ಮವರೇ ಕೆಲವರು ಹೇಳುವುದುಂಟು. ಈ ಮಾತನ್ನು ನಾವು ಒಪ್ಪಲಾರೆವು. ಬಡವನಲ್ಲಿ ಮುಚ್ಚಿಡುವುದು ಬೇಕಾದಷ್ಟಿದೆ: ಸಾಲ, ಕಾಯಿಲೆ, ಒಲೆ ಉರಿಯದ ದಿನಗಳು. ಇಲ್ಲದಿರುವುದು ಮುಚ್ಚಿಡುವ ಶಕ್ತಿ. ಧಣಿಯ ಲೆಕ್ಕ ಆಳಿಗೆ ತಿಳಿಯದು. ಆಳಿನ ಮಗಳ ಮದುವೆಗೆ ಎಷ್ಟು ಬೇಕೆಂಬುದು ಧಣಿಗೆ ಗೊತ್ತು. ಆದ್ದರಿಂದಲೇ ಬಡ್ಡಿ ಅವನು ಹೇಳಿದಷ್ಟು.

ಹಾಗಾದರೆ ಜನ ಕೇಳಿದವರಿಗೆಲ್ಲ ಏಕೆ ಹೇಳಿಬಿಡುತ್ತಾರೆ? ಅಮೆರಿಕದಲ್ಲಿ ಅಕ್ವಿಸ್ತಿ ಎಂಬ ವಿದ್ವಾಂಸರೂ ಸಂಗಡಿಗರೂ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಅಂಗಡಿಗೆ ಬಂದ ಕೆಲವರಿಗೆ 10 ಡಾಲರಿನ ಕಾರ್ಡು ಕೊಟ್ಟರು. ಅದರಲ್ಲಿ ಕೊಂಡದ್ದು ಯಾರೆಂದು ತಿಳಿಯದು. ಬೇರೆ ಕೆಲವರಿಗೆ 12 ಡಾಲರಿನದು. ಅದಕ್ಕೆ ಹೆಸರು ಅಂಟಿಕೊಂಡಿತ್ತು. ಬೇಕಾದರೆ ಬದಲಾಯಿಸಿಕೊಳ್ಳಿ ಎಂದಾಗ, ಮೊದಲಿನವರಲ್ಲಿ ಅರ್ಧದಷ್ಟು ಜನ ಗುಟ್ಟಿನ ಕಾರ್ಡನ್ನೇ ಉಳಿಸಿಕೊಂಡರು. ಎರಡನೆಯವರಲ್ಲಿ ಎರಡು ಡಾಲರು ಬಿಟ್ಟು ಗುಟ್ಟನ್ನು ಆರಿಸಿಕೊಂಡವರು ನೂರಕ್ಕೆ ಹತ್ತು. ಇದ್ದದ್ದನ್ನು ಮನುಷ್ಯ ಕಾಯುತ್ತಾನೆ. ಮೊದಲೇ ಕೈಬಿಟ್ಟದ್ದನ್ನು ಕಾಸು ಕೊಟ್ಟು ಬಿಡಿಸಿಕೊಳ್ಳುವುದಿಲ್ಲ. ಹುಟ್ಟಿದಂದಿನಿಂದ ಪಟೇಲ, ಸಾಹುಕಾರ, ಗುಮಾಸ್ತ ಎಲ್ಲರಿಗೂ ಬಾಯಿಬಿಟ್ಟು ಬಂದವನು ಹೆಬ್ಬೆಟ್ಟನ್ನು ಯಂತ್ರಕ್ಕೆ ಒತ್ತುವಾಗ ಏಕೆಂದು ಕೇಳದಿದ್ದರೆ ಆಶ್ಚರ್ಯವೇನು? ಕೇಳಿದರೆ ಅಕ್ಕಿ ತಪ್ಪೀತೆಂಬ ಅಂಜಿಕೆ ಬೇರೆ.

ಕೇಳಿದವರೊಬ್ಬರು ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೇಲುವರ್ಗದ ಶೋಕಿ ಎಂಬ ವಾದ ಅಲ್ಲಿಯೂ ಬಂತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ವಾದವೂ ಬಿದ್ದುಹೋಯಿತು. ಆದರೂ ಮರುವರ್ಷದ ತೀರ್ಪಿನಲ್ಲಿ ಸರ್ಕಾರದ ಸವಲತ್ತಿಗೆ ಆಧಾರ್ ಕೇಳುವುದು ಉಳಿದುಕೊಂಡಿತು.

ಇನ್ನೊಂದು ಚಮತ್ಕಾರ ನೋಡಿ. 2005ರ ಮಾಹಿತಿ ಹಕ್ಕು ಕಾನೂನು ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ ಸ್ವಂತ ಸಂಗತಿಯನ್ನು ಮಾತ್ರ ಕೊಡದಿರಲು ಬಿಟ್ಟಿತ್ತು. 2023ರ ಕಾನೂನು ಆ ಮಾತನ್ನು ತೆಗೆದು, ಬರೀ 'ವೈಯಕ್ತಿಕ' ಎಂದರೆ ಸಾಕೆಂದು ಮಾಡಿತು. ಪರದೆ ಯಾರಿಗೆ ದೊರೆಯಿತು, ನೀವೇ ಹೇಳಿ.

ನಾವೇನು ಸಾಚಾಗಳೇ? ಸಾಲದ ವಿರುದ್ಧ ನಡೆದ ಸಭೆಯೊಂದರಲ್ಲಿ ನಾವೇ ಪಟ್ಟಿ ಹಿಡಿದು ಹೆಸರು, ಮೊತ್ತ ಓದಿದೆವು. ಸಾಹುಕಾರನಿಗೆ ನಾಚಿಕೆಯಾಗಲೆಂದು ಓದಿದ್ದು. ಚಪ್ಪಾಳೆಯೂ ಬಂತು. ಪಟ್ಟಿಯಲ್ಲಿದ್ದ ತಾಯಿಯೊಬ್ಬಳು ಸೆರಗು ಎಳೆದುಕೊಂಡು ಎದ್ದು ಹೋದಳು. ಆಮೇಲೆ ಕೇರಿಯಲ್ಲಿ ಅವಳಿಗೆ ಸೇರು ಅಕ್ಕಿ ಕಡ ಹುಟ್ಟಲಿಲ್ಲ. ನಮ್ಮ ಸಭೆಗೆ ಆಕೆ ಮತ್ತೆ ಬಂದಿಲ್ಲ.

ಆದ್ದರಿಂದ ಮುಂದಿನ ಮನೆಮನೆ ಎಣಿಕೆಯಲ್ಲಿ ಸಾಲದ ಮೊತ್ತವನ್ನು ಹೆಸರಿಲ್ಲದ ಹಾಳೆಯಲ್ಲಿ ಬರೆದುಕೊಳ್ಳೋಣ. ಏಕೆ ಕೇಳುತ್ತೇವೆಂದು ಮೊದಲು ಹೇಳೋಣ. ಬೇಡವೆಂದವರ ಮನೆಯಲ್ಲಿ ನೀರು ಕುಡಿದು ಎದ್ದು ಬರೋಣ. ಹೆಸರಿನ ಪಟ್ಟಿ ಕಚೇರಿಯ ಬೀರುವಿನಲ್ಲಿರಲಿ. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮಧ್ಯಾಹ್ನದ ಬೈಠಕ್ಕಿನಲ್ಲಿ ನೀವೇ ನಿರ್ಧರಿಸಿ.