ಬಟ್ಟಲು ಮರೆತದ್ದೋ, ಬಿಟ್ಟದ್ದೋ



ಕಳೆದ ವರ್ಷ ಸಂಘದ ಇದೇ ಉಪನ್ಯಾಸ ಮಾಲೆಯಲ್ಲಿ ನಾನು ತುಂಬ ಗೌರವಿಸುವ ವಿಮರ್ಶಕರೊಬ್ಬರು ಮಾತಾಡಿದರು. ಪತ್ತೇದಾರಿ ಕಾದಂಬರಿಯೊಳಗೆ ಹೆಣ್ಣಿನ ಕೈಗೆ ಪಿಸ್ತೂಲು ಕೊಟ್ಟರೆ ಅದು ಗಂಡಿನ ಅಂಗಿ ತೊಟ್ಟ ಹೆಣ್ಣಾಗುತ್ತದೆಯೇ ಹೊರತು ಹೊಸದೇನೂ ಆಗುವುದಿಲ್ಲ ಎಂದರು. ಉದಾಹರಣೆಗೆ ಅವರು ಎತ್ತಿಕೊಂಡದ್ದು ಅಮೆರಿಕದ ಲೇಖಕಿ ಸಾರಾ ಪರೆಟ್ಸ್ಕಿಯವರ ಪತ್ತೇದಾರಿ ಕಾದಂಬರಿ ಸರಣಿಯ ನಾಯಕಿ ವಿ.ಐ. ವಾರ್ಷಾವ್ಸ್ಕಿಯನ್ನು. ನಾನು ಆ ಸರಣಿಯನ್ನು ಮೂವತ್ತು ವರ್ಷದಿಂದ ಓದುತ್ತಿರುವವನು. ಅವತ್ತು ಎದ್ದು ನಿಂತು ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಮಾತು ಗಂಟಲಲ್ಲೇ ಉಳಿಯಿತು. ಈ ವರ್ಷ ಸಂಘದವರು ಕರೆದಾಗ ವಿಷಯ ಯಾವುದೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಇತಿಹಾಸವನ್ನು ಬೇಗ ಮುಗಿಸಿಬಿಡುತ್ತೇನೆ. ಪರೆಟ್ಸ್ಕಿ ಹುಟ್ಟಿದ್ದು 1947ರಲ್ಲಿ, ಬೆಳೆದದ್ದು ಕ್ಯಾನ್ಸಸ್‌ನಲ್ಲಿ. 1966ರ ಬೇಸಿಗೆಯಲ್ಲಿ ಸಮಾಜಸೇವೆಗೆಂದು ಷಿಕಾಗೋಗೆ ಬಂದರು, ಆಮೇಲೆ ಆ ಊರಿನವರೇ ಆದರು. ಇತಿಹಾಸದಲ್ಲಿ ಡಾಕ್ಟರೇಟ್ ಪಡೆದು ವಿಮಾ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಮೊದಲ ಕಾದಂಬರಿ 'ಇಂಡೆಮ್ನಿಟಿ ಓನ್ಲಿ' ಬರೆದರು. ಅದು 1982ರಲ್ಲಿ ಬಂತು. ಅಲ್ಲಿಂದ 2024ರ 'ಪೇ ಡರ್ಟ್'ವರೆಗೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು. ನಡುವೆ 1986ರಲ್ಲಿ ಅಪರಾಧ ಕಥೆ ಬರೆಯುವ ಹೆಂಗಸರನ್ನೆಲ್ಲ ಸೇರಿಸಿ 'ಸಿಸ್ಟರ್ಸ್ ಇನ್ ಕ್ರೈಮ್' ಎಂಬ ಸಂಘ ಕಟ್ಟಿದರು. ಗಂಡಸರ ಪುಸ್ತಕಕ್ಕೆ ಸಿಗುವ ವಿಮರ್ಶೆ ಹೆಂಗಸರ ಪುಸ್ತಕಕ್ಕೆ ಸಿಗುತ್ತಿರಲಿಲ್ಲ ಎಂಬ ಕಾರಣಕ್ಕೆ. 1991ರಲ್ಲಿ ಕ್ಯಾಥ್ಲೀನ್ ಟರ್ನರ್ ನಟಿಸಿದ ಸಿನಿಮಾ ಕೂಡ ಬಂತು. ಅದನ್ನು ನೋಡಿ ಈ ಸರಣಿಯನ್ನು ಅಳೆಯಬೇಡಿ.

ನಾನು ಹೇಳಬೇಕೆಂದಿರುವುದು ಒಂದೇ ಪುಸ್ತಕದ ಬಗ್ಗೆ, ಅದರೊಳಗಿನ ಒಂದು ಕೊಳದ ಬಗ್ಗೆ. ಅಲ್ಲಿಗೆ ಹೋಗುವ ಮೊದಲು ನಮ್ಮ ಹೈಸ್ಕೂಲಿನ ಕನ್ನಡ ಮಾಸ್ತರ ತರಗತಿಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು.

'ಕೆರೆಗೆ ಹಾರ' ಎಂಬ ಜನಪದ ಹಾಡು ನಿಮಗೆಲ್ಲ ಗೊತ್ತು. ಕಲ್ಲನಕೇರಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬೀಳಲಿಲ್ಲ. ಹೊತ್ತಿಗೆ ತೆರೆಸಿ ಕೇಳಿದರು, ಸೊಸೆಯನ್ನು ಹಾರ ಕೊಡಬೇಕೆಂದು ಬಂತು. ಹಿರಿಯಳನ್ನು ಕೊಟ್ಟರೆ ಮನೆ ನಡೆಸುವವರಿಲ್ಲ, ಕಿರಿಯಳು ಭಾಗೀರಥಿ ಆದೀತು ಅಂದರು. ಪೂಜೆ ಮುಗಿದ ಮೇಲೆ ಕೆರೆಯಲ್ಲಿ ಉಳಿದ ಬಂಗಾರದ ಬಟ್ಟಲು ತರಲು ಹಿಂದಿರುಗಿದ ಅವಳನ್ನು, ಮೆಟ್ಟಿಲು ಮೆಟ್ಟಿಲಿಗೂ ಏರಿದ ನೀರು ನುಂಗಿತು. ಮಾಸ್ತರು ಈ ಹಾಡನ್ನು ಪಾಠ ಮಾಡುತ್ತಿರಲಿಲ್ಲ, ಹಾಡುತ್ತಿದ್ದರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕೆರೆಯ ಮೆಟ್ಟಿಲು ಬರೆದು, ಒಂದೊಂದು ಮೆಟ್ಟಿಲಿಗೂ ನೀರು ಎಲ್ಲಿಗೆ ಬಂತೆಂದು ಗೆರೆ ಎಳೆಯುತ್ತಿದ್ದರು. ಪಾದ, ಮೊಣಕಾಲು, ನಡು. ಗೆರೆ ಮೇಲಕ್ಕೆ ಹೋದಂತೆ ಅವರ ದನಿ ಕೆಳಕ್ಕೆ ಇಳಿಯುತ್ತಿತ್ತು.

ಒಂದು ದಿನ ಹಾಡು ಮುಗಿಸಿ ಕೇಳಿದರು: "ಪೂಜಿ ಆತು, ಊಟ ಆತು, ಎಲ್ಲಾರೂ ಹೊಳ್ಳಿ ಹೊಂಟರು. ಬಂಗಾರದ ಬಟ್ಟಲಾ ಕೆರಿಯಾಗ ಉಳೀತು. ಯಾರು ಮರತರು?" ಹುಡುಗರು ಅತ್ತೆ ಎಂದರು, ಮಾವ ಎಂದರು, ಹಿರಿಸೊಸೆ ಎಂದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಆ ವರ್ಷವೇ ಶಾಲೆ ಬಿಡಿಸಿ ಅವಳ ಮದುವೆ ಮಾಡಿದರು. ಅವಳು ಅಂದದ್ದು: "ಮರತಿಲ್ರಿ ಸರ್. ಬಿಟ್ಟು ಬಂದಾರ."

ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮತ್ತೆ ಎತ್ತಿಕೊಂಡು ಬೋರ್ಡಿನ ಮೇಲೆ ಎರಡೇ ಪದ ಬರೆದರು: ಮರೆತರು, ಬಿಟ್ಟರು. "ಈ ಎರಡು ಶಬ್ದದ ನಡುವ ಒಂದು ಕೊಲಿ ಅದ" ಎಂದರು. ಗಂಟೆ ಹೊಡೆಯಿತು.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ದೀಪದ ಬುಡದಲ್ಲಿ ಕದ್ದು ಓದುತ್ತಿದ್ದ ವಯಸ್ಸು ನನ್ನದು. ಆದರೆ ಪತ್ತೆ ಮಾಡುವುದೆಂದರೆ ಏನೆಂದು ನನಗೆ ತಿಳಿದದ್ದು ಆ ಹುಡುಗಿಯ ಎರಡು ಮಾತಿನಿಂದ. ಎಲ್ಲರ ಕಣ್ಣಿಗೂ ಬಿದ್ದ ಬಟ್ಟಲು ಅದು. ಹೇಳುವವರೆಲ್ಲ ಒಂದು ಕ್ರಿಯಾಪದ ಬಳಸುತ್ತಾರೆ, ಅವಳು ಆ ಕ್ರಿಯಾಪದವನ್ನು ಒಪ್ಪಲಿಲ್ಲ.

ಈಗ ಷಿಕಾಗೋಗೆ ಹೋಗೋಣ. ವಿ.ಐ. ಎಂದರೆ ವಿಕ್ಟೋರಿಯಾ ಇಫಿಜೀನಿಯಾ. ವಕೀಲಿ ಮಾಡುತ್ತಿದ್ದಾಗ ಎದುರಿನ ಗಂಡಸರಿಗೆ ಮೊದಲ ಹೆಸರು ಗೊತ್ತಿಲ್ಲದಿದ್ದರೆ ತನ್ನನ್ನು ಸದರ ಮಾಡುವುದು ಕಡಿಮೆ ಎಂದು ಕಂಡುಕೊಂಡು ಅವಳು ಬರೀ ಅಕ್ಷರಗಳನ್ನು ಉಳಿಸಿಕೊಂಡಳು. ಆ 'ಐ' ಅಕ್ಷರದ ಹಿಂದೆ ಯಾರಿದ್ದಾಳೆ ನೋಡಿ. ಗ್ರೀಕರ ಹಡಗುಗಳು ಔಲಿಸ್ ಬಂದರಿನಲ್ಲಿ ಗಾಳಿಯಿಲ್ಲದೆ ನಿಂತಾಗ ತಂದೆ ಅಗಮೆಮ್ನಾನ್ ಬಲಿ ಕೊಡಲು ಹೊರಟ ಮಗಳು ಇಫಿಜೀನಿಯಾ. ಅವಳನ್ನು ಕರೆಸಿದ್ದು ಹೇಗೆ? ವೀರ ಅಕಿಲೀಸನೊಂದಿಗೆ ಮದುವೆ ಎಂದು ಸುಳ್ಳು ಹೇಳಿ. ನಮ್ಮ ಹಾಡಿನವರಿಗೆ ನೀರು ಬೇಕಿತ್ತು, ಗ್ರೀಕರಿಗೆ ಗಾಳಿ. ಇಲ್ಲಿ ಬಂಗಾರದ ಬಟ್ಟಲು, ಅಲ್ಲಿ ಬಾಸಿಂಗ. ಯೂರಿಪಿಡೀಸನ ನಾಟಕದಲ್ಲಿ ಕೊನೆಗಳಿಗೆಯಲ್ಲಿ ದೇವತೆ ಅವಳನ್ನು ಎತ್ತಿಕೊಂಡು ಜಿಂಕೆಯನ್ನು ಇಡುತ್ತಾಳೆ, ಅವಳು ದೂರದ ನಾಡಿನಲ್ಲಿ ಬದುಕುತ್ತಾಳೆ. ಬಲಿಪೀಠದಿಂದ ಎದ್ದುಬಂದ ಹುಡುಗಿಯ ಹೆಸರನ್ನು ಪರೆಟ್ಸ್ಕಿ ತಮ್ಮ ಪತ್ತೇದಾರಳಿಗೆ ಇಟ್ಟಿದ್ದಾರೆ. ಇದು ಆಕಸ್ಮಿಕವೆಂದು ನಾನು ನಂಬುವುದಿಲ್ಲ.

ನಾನು ಹೇಳಿದ ಪುಸ್ತಕ 1988ರ 'ಬ್ಲಡ್ ಶಾಟ್'. ಇಂಗ್ಲೆಂಡಿನಲ್ಲಿ 'ಟಾಕ್ಸಿಕ್ ಷಾಕ್' ಎಂಬ ಹೆಸರಲ್ಲಿ ಬಂತು, ಅಲ್ಲಿನ ಅಪರಾಧ ಲೇಖಕರ ಸಂಘದ ಸಿಲ್ವರ್ ಡ್ಯಾಗರ್ ಪಡೆಯಿತು. ವಿ.ಐ. ತಾನು ಹುಟ್ಟಿ ಬೆಳೆದ ದಕ್ಷಿಣ ಷಿಕಾಗೋಗೆ, ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಗೆಳತಿಯರು ಸೇರುವ ಒಂದು ಸಂಜೆಗೆ ಹೋಗುತ್ತಾಳೆ. ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ, ಬೀದಿ ಬೀದಿಯಲ್ಲಿ ಕೆಲಸವಿಲ್ಲದ ಗಂಡಸರು. ಪಕ್ಕದ ಮನೆಯ ಹುಡುಗಿ ಕ್ಯಾರೊಲಿನ್ ಬಂದು ನನ್ನ ಅಪ್ಪ ಯಾರು, ಹುಡುಕಿಕೊಡು ಎನ್ನುತ್ತಾಳೆ. ಕ್ಯಾರೊಲಿನ್‌ನ ತಾಯಿ ಲೂಯಿಸಾ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದವಳು, ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದಾಳೆ. ಕಾರ್ಖಾನೆಯ ವೈದ್ಯ ವರ್ಷ ವರ್ಷವೂ ಕಾರ್ಮಿಕರ ರಕ್ತ ತೆಗೆದು ಪರೀಕ್ಷೆ ಮಾಡಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ. ಫಲಿತಾಂಶ ಕಂಪನಿಗೆ ಗೊತ್ತಿತ್ತು, ರಕ್ತ ಕೊಟ್ಟವರಿಗೆ ಗೊತ್ತಿರಲಿಲ್ಲ.

ನಮ್ಮ ಹಾಡಿನ ಹೊತ್ತಿಗೆ ನೆನಪಿಗೆ ಬರುವುದಿಲ್ಲವೇ? ಭಾಗೀರಥಿಯ ಪಾಡು ಒಂದು ಪುಸ್ತಕದಲ್ಲಿ ಮೊದಲೇ ಬರೆದಾಗಿತ್ತು. ಲೂಯಿಸಾಳದೂ ಹಾಗೆಯೇ.

ದಕ್ಷಿಣ ಷಿಕಾಗೋದ ಅಂಚಿನಲ್ಲಿ ಒಂದು ಕೊಳವಿದೆ, ಡೆಡ್ ಸ್ಟಿಕ್ ಪಾಂಡ್. ನಿಜವಾಗಿ ಇರುವ ಕೊಳ, ಕ್ಯಾಲ್ಯುಮೆಟ್ ಸರೋವರದ ಹತ್ತಿರ, ಕಸದ ಗುಡ್ಡಗಳ ನಡುವಿನ ಜೌಗು. ಕಾದಂಬರಿಯಲ್ಲಿ ವಿ.ಐ.ಯ ಹಳೆಯ ಗೆಳತಿ, ಆ ಊರಿನ ಪರಿಸರಕ್ಕಾಗಿ ಹೋರಾಡುತ್ತಿದ್ದ ನ್ಯಾನ್ಸಿಯ ಹೆಣ ಸಿಗುವುದು ಅಲ್ಲಿ. ಆಮೇಲೆ ವಿ.ಐ.ಯನ್ನೂ ಹೊಡೆದು, ಸುತ್ತಿ, ಅದೇ ಕೊಳಕ್ಕೆ ಎಸೆದು ಹೋಗುತ್ತಾರೆ. ಅವಳು ಬದುಕುತ್ತಾಳೆ. ಆ ಭಾಗವನ್ನು ಮೊದಲ ಸಲ ಓದಿದ ರಾತ್ರಿ ನನ್ನ ಕಣ್ಣೆದುರು ಬಂದದ್ದು ಮಾಸ್ತರ ಬೋರ್ಡು, ಮೆಟ್ಟಿಲು, ಗೆರೆ. ಪಾದ, ಮೊಣಕಾಲು, ನಡು. ಕೆರೆಗೆ ಹಾರವಾದವಳು ಒದ್ದೆ ಸೀರೆಯಲ್ಲಿ ಮೆಟ್ಟಿಲು ಹತ್ತಿ ಬಂದು, ಈ ಬಟ್ಟಲು ಇಲ್ಲಿ ಇಟ್ಟವರು ಯಾರು ಎಂದು ಕೇಳಿದರೆ ಹೇಗಿರುತ್ತಿತ್ತೋ, ಈ ಕಾದಂಬರಿ ಹಾಗಿದೆ.

ವಿಮರ್ಶಕರ ಮಾತಿಗೆ ಈಗ ಬರುತ್ತೇನೆ. ಅವರ ಮಾತಿನಲ್ಲಿ ಒಂದು ಹಿಡಿ ಸತ್ಯ ಇದ್ದೇ ಇದೆ. ವಿ.ಐ. ಹೊಡೆದಾಡುತ್ತಾಳೆ, ವಿಸ್ಕಿ ಕುಡಿಯುತ್ತಾಳೆ, ರಾತ್ರಿ ಬೀಗ ತೆಗೆದು ಬೇರೆಯವರ ಕಚೇರಿಗೆ ನುಗ್ಗುತ್ತಾಳೆ. ಇದೆಲ್ಲ ರೇಮಂಡ್ ಚಾಂಡ್ಲರನ ಫಿಲಿಪ್ ಮಾರ್ಲೋನಿಂದ ಬಂದ ಬಳುವಳಿ, ಅಲ್ಲಗಳೆಯುವುದಿಲ್ಲ. ಆದರೆ ಮಾರ್ಲೋ ಒಂಟಿ. ಏಟು ತಿಂದು ಮನೆಗೆ ಬಂದರೆ ಬಾಗಿಲು ತೆರೆಯುವವರಿಲ್ಲ. ವಿ.ಐ.ಗೆ ಏಟು ಬಿದ್ದರೆ ಹೊಲಿಗೆ ಹಾಕಲು ಡಾಕ್ಟರ್ ಲಾಟಿ ಇದ್ದಾಳೆ. ಹಿಟ್ಲರನಿಂದ ತಪ್ಪಿಸಿಕೊಂಡು ವಿಯೆನ್ನಾ ಬಿಟ್ಟು ಬಂದವಳು, ಹೊಲಿಗೆ ಹಾಕುತ್ತಲೇ ಬೈಯುತ್ತಾಳೆ. ಕೆಳಗಿನ ಮನೆಯಲ್ಲಿ ನಿವೃತ್ತ ಕಾರ್ಖಾನೆ ಕೆಲಸಗಾರ ಕಾಂಟ್ರೆರಾಸ್ ಇದ್ದಾರೆ, ಅವಳು ಎಷ್ಟು ಹೊತ್ತಿಗೆ ಬಂದಳು ಹೋದಳು ಎಂದು ಕಿವಿಗೊಟ್ಟು ಕೂತಿರುತ್ತಾರೆ. ಇಬ್ಬರೂ ಸೇರಿ ಸಾಕುವ ನಾಯಿಗಳಿವೆ. ಇಟಲಿಯಿಂದ ಓಡಿಬಂದ ತಾಯಿ ಜೊತೆಗೆ ತಂದಿದ್ದ ಕೆಂಪು ವೆನೀಸ್ ಗಾಜಿನ ಲೋಟಗಳಿವೆ. ಕೇಡಿಗಳು ಮನೆಗೆ ನುಗ್ಗಿ ಜಾಲಾಡಿ ಹೋದ ಮೇಲೆ ಅವಳು ಮೊದಲು ನೋಡುವುದು ಲೋಟ ಒಡೆದಿದೆಯೇ ಎಂದು. ಗಂಡಿನ ಅಂಗಿ ತೊಟ್ಟರೆ ಈ ಲೋಟದ ಸಂಕಟ ಬರುತ್ತದೆಯೇ?

ಇನ್ನೊಂದು ಮಾತು. ನ್ಯಾಯ ಬೇಕಾದವರ ಹತ್ತಿರ ಫೀಸು ಇರುವುದಿಲ್ಲ. ಕ್ಯಾರೊಲಿನ್ ಹತ್ತಿರ ಇರಲಿಲ್ಲ. ಬಾಡಿಗೆಗೆ, ಕಾರಿನ ರಿಪೇರಿಗೆ ವಿ.ಐ. ದುಡಿಯುವುದು ದೊಡ್ಡ ಕಂಪನಿಗಳ ಹಣಕಾಸಿನ ತನಿಖೆ ಮಾಡಿ. ಹಗಲು ಯಾರ ಲೆಕ್ಕಪತ್ರ ನೋಡಿ ಸಂಬಳ ಪಡೆಯುತ್ತಾಳೋ, ರಾತ್ರಿ ಅಂಥವರ ಮೇಲೆಯೇ ಅವಳ ಕೋಪ. ಈ ಇಕ್ಕಟ್ಟನ್ನು ಲೇಖಕಿ ಎಲ್ಲೂ ಮುಚ್ಚಿಡುವುದಿಲ್ಲ. ವಿಮಾ ಕಂಪನಿಯ ಮೇಜಿನ ಮುಂದೆ ಕೂತವರಿಗೆ ಅದು ಒಳಗಿನಿಂದ ಗೊತ್ತಿತ್ತು ಎಂದು ನನ್ನ ಎಣಿಕೆ.

ಕನ್ನಡದಲ್ಲಿ ಅವಳನ್ನು ಏನೆಂದು ಕರೆಯಬೇಕೆಂದು ನಾನು ಬಹಳ ಹೆಣಗಿದ್ದೇನೆ. ಪತ್ತೇದಾರ ಎಂದರೆ ಗಂಡಸು. ಪತ್ತೇದಾರಿ ಎಂದರೆ ಕಾದಂಬರಿಯ ಜಾತಿ. ನಾನು ಪತ್ತೇದಾರಳು ಅನ್ನುತ್ತಿದ್ದೇನೆ, ನಾಲಿಗೆಗೆ ಇನ್ನೂ ಪಳಗಿಲ್ಲ. ಆದರೆ ಈಚೆಗೆ ನನಗೆ ಅನ್ನಿಸಿರುವುದು, ಅವಳಿಗೆ ನಮ್ಮಲ್ಲಿ ಹಳೆಯ ಹೆಸರೇ ಒಂದಿದೆ. ಅದು ಗೆಳತಿ.

ಹಾಡಿನ ಎರಡನೆಯ ಅರ್ಧವನ್ನು ನೆನಪಿಸಿಕೊಳ್ಳಿ. ದಂಡಿನಿಂದ ಬಂದ ಗಂಡ ಮಾದೇವರಾಯ ಮನೆಯಲ್ಲಿ ಕೇಳುತ್ತಾನೆ, ತವರಿಗೆ ಹೋಗಿದ್ದಾಳೆ ಎಂಬ ಸುಳ್ಳು ಸಿಗುತ್ತದೆ. ತವರಿನಲ್ಲಿ ಕೇಳುತ್ತಾನೆ, ಗೆಳತಿಯ ಮನೆ ತೋರಿಸುತ್ತಾರೆ. ಗೆಳತಿ ನಿಜ ಹೇಳುತ್ತಾಳೆ. ಇಷ್ಟು ಅಚ್ಚುಕಟ್ಟಾದ ತನಿಖೆ, ಮನೆಯಿಂದ ಮನೆಗೆ, ಸುಳ್ಳಿನಿಂದ ಸುಳ್ಳಿಗೆ, ಕೊನೆಗೆ ಸಾಕ್ಷಿಗೆ! ನಿಜ ತಿಳಿದವನು ಮಾಡಿದ್ದೇನು? ತಾನೂ ಕೆರೆಗೆ ಹಾರಿದ. ಮಲ್ಲನಗೌಡನನ್ನು ಯಾರೂ ಏನೂ ಕೇಳಲಿಲ್ಲ.

ಗೆಳತಿಗೆ ಮೊದಲೇ ಗೊತ್ತಿತ್ತು. ಭಾಗೀರಥಿ ಹೆತ್ತವರಿಗೂ ಮುಚ್ಚಿಟ್ಟದ್ದನ್ನು ಅವಳಿಗೆ ಹೇಳಿದ್ದಳು. ಕೇಳಿಸಿಕೊಂಡ ಗೆಳತಿ, ಕೊಟ್ಟರೆ ಕೊಡಲಿ, ಅವರು ಇಟ್ಟಂತೆ ಇರಬೇಕು ಎಂಬರ್ಥದ ಸಮಾಧಾನ ಹೇಳಿ ಕಳಿಸಿದಳು. ಹಾಗೆ ಹೇಳಿ ಕಳಿಸಲಾರದ ಗೆಳತಿ ವಿ.ಐ. ಅವಳ ಬಹಳಷ್ಟು ಪ್ರಕರಣಗಳು ಕಚೇರಿಯ ಬಾಗಿಲಿಂದ ಬರುವುದಿಲ್ಲ. ಶಾಲೆಯ ಗೆಳತಿ, ಪಕ್ಕದ ಮನೆ, ಅತ್ತೆ, ಸೋದರ ಸಂಬಂಧಿ, ಹೀಗೆ ಬರುತ್ತವೆ. ನನ್ನ ಹಿರಿಯ ಮಿತ್ರರಿಗೆ ನನ್ನ ಉತ್ತರ ಇದು: ಅವಳು ತೊಟ್ಟದ್ದು ಮಾರ್ಲೋನ ಅಂಗಿಯೇ ಇರಬಹುದು, ನಿಂತಿರುವ ಜಾಗ ಮಾತ್ರ ಭಾಗೀರಥಿಯ ಗೆಳತಿ ನಿಂತಿದ್ದ ಹೊಸ್ತಿಲು.

ಇಷ್ಟು ಹೇಳಿದ ಮೇಲೂ ನನ್ನೊಳಗೆ ಬಗೆಹರಿಯದೆ ಉಳಿದದ್ದಿದೆ, ಅದನ್ನು ನಿಮ್ಮ ಮುಂದೆ ಇಡುತ್ತೇನೆ. ಕಲ್ಲನಕೇರಿಗೆ ನೀರು ಬೇಕಿತ್ತು. ದಕ್ಷಿಣ ಷಿಕಾಗೋಗೆ ಕೆಲಸ ಬೇಕಿತ್ತು. ನಿಜ ಹೊರಬಿದ್ದ ಮೇಲೆ ಆ ಬೀದಿಯ ಕಾರ್ಮಿಕ ವಿ.ಐ.ಗೆ ಕೃತಜ್ಞನಾಗಿರುತ್ತಾನೋ, ಇದ್ದ ಒಂದು ಕಾರ್ಖಾನೆಯೂ ಹೋಯಿತೆಂದು ಶಪಿಸುತ್ತಾನೋ? ಕ್ಯಾರೊಲಿನ್ ಅಪ್ಪನನ್ನು ಕೇಳಿದಳು. ಸಿಕ್ಕ ಉತ್ತರ ತಾಯಿಯ ಸ್ವಂತ ಮನೆಯೊಳಗಿನ ಒಂದು ಪಾತಕ. ಅದನ್ನು ತಿಳಿಯುವುದು ನ್ಯಾಯವೇ, ಇನ್ನೊಂದು ಗಾಯವೇ? ಲೂಯಿಸಾಳ ಮೂತ್ರಪಿಂಡವಂತೂ ಮರಳಿ ಬರಲಿಲ್ಲ. ಪತ್ತೆಯಾದರೆ ಸಾಕು, ನ್ಯಾಯ ಅರ್ಧ ಸಿಕ್ಕಂತೆ ಎಂದು ನಲವತ್ತರ ವಯಸ್ಸಿನಲ್ಲಿ ನಂಬಿದ್ದೆ. ಈಗ ಆ ಅರ್ಧದ ಬಗ್ಗೆ ಖಾತ್ರಿಯಿಲ್ಲ. ಆದರೂ ಹಿಂದಿನ ಬೆಂಚಿನಿಂದ ಎದ್ದು ನಿಂತ ಆ ಹುಡುಗಿಗೆ, ನಿನ್ನ ಮಾತಿನಿಂದ ಏನೂ ಬದಲಾಗಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಸಭೆಯಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ತಾಯಂದಿರು ಬಹಳ ಜನ ಇದ್ದೀರಿ. ಒಂದೊಂದು ಊರಲ್ಲಿ ಈ ಹಾಡಿನ ಸಾಲು ಒಂದೊಂದು ಬಗೆ. ನಿಮ್ಮ ಅವ್ವ, ಅಜ್ಜಿ ಹಾಡುತ್ತಿದ್ದ ಪಾಠದಲ್ಲಿ ಗೆಳತಿ ಬೇರೆ ಏನಾದರೂ ಅಂದಿದ್ದರೆ, ಭಾಗೀರಥಿಯ ಕೈ ಹಿಡಿದು ಹೋಗಬ್ಯಾಡ ಅಂದಿದ್ದರೆ, ಸಭೆ ಮುಗಿದ ಮೇಲೆ ದಯವಿಟ್ಟು ನನಗೆ ಹಾಡಿ ತೋರಿಸಿ. ನಾನು ಬಾಗಿಲ ಹತ್ತಿರ ನೋಟ್‌ಬುಕ್ ಹಿಡಿದು ಕೂತಿರುತ್ತೇನೆ.