ಫೋರ್ಸ್ ಇಂಡಿಯಾ ಮಾರಾಟ ಮತ್ತು ಅಭಿಮಾನಿಗಳು

ಮೋಟಾರು ಓಟದ ತಂಡವೊಂದು ಎರಡು ಬಗೆಯಲ್ಲಿ ಕೈ ಬದಲಾಗಬಹುದು. ಮಾಲೀಕ ತನ್ನ ಷೇರುಗಳನ್ನು ಮಾರಿದರೆ ಕಂಪನಿ ಇದ್ದಂತೆಯೇ ಉಳಿಯುತ್ತದೆ. ಅದರ ಸಾಲ, ಕರಾರು, ಓಟದ ಪರವಾನಗಿ, ಗಳಿಸಿದ ಅಂಕ ಎಲ್ಲವೂ ಹೊಸಬನ ಪಾಲಿಗೆ ಬರುತ್ತವೆ. ಆಸ್ತಿಯನ್ನಷ್ಟೇ ಮಾರಿದರೆ ಹಾಗಲ್ಲ. ಕಾರು, ಯಂತ್ರ, ಕಾರ್ಖಾನೆ, ವಿನ್ಯಾಸದ ಹಕ್ಕು, ನೌಕರರು ಹೊಸ ಕಂಪನಿಗೆ ಹೋಗುತ್ತಾರೆ. ಹಳೆಯ ಕಂಪನಿ ಮಾರಿ ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚಿ ಬಾಗಿಲು ಮುಚ್ಚುತ್ತದೆ. ಲೆಕ್ಕಪತ್ರದವರಿಗೆ ಇದು ವಿಧಾನದ ವ್ಯತ್ಯಾಸ. ಅಭಿಮಾನಿಗೆ ಹಾಗಲ್ಲ, ಏಕೆಂದರೆ ಅವನು ಪ್ರೀತಿಸಿದ ಹೆಸರು, ಬಣ್ಣ, ಅಂಕ, ಇತಿಹಾಸ ಈ ಎರಡನೆಯ ಬಗೆಯ ಮಾರಾಟದಲ್ಲಿ ಎಲ್ಲಿಯೂ ಸೇರದೆ ಹೋಗಬಹುದು. ಬೆಂಗಳೂರಿನ ಉದ್ಯಮಿಯೊಬ್ಬರ ಒಡೆತನದಲ್ಲಿ, ದೇಶದ ಹೆಸರನ್ನೇ ಹೊತ್ತು ಫಾರ್ಮುಲಾ ಒನ್‌ನಲ್ಲಿ ಓಡಿದ ಫೋರ್ಸ್ ಇಂಡಿಯಾ ತಂಡಕ್ಕೆ 2018ರಲ್ಲಿ ಆದದ್ದು ಇದೇ.

ಆ ತಂಡದ ಬೇರು ಇದ್ದದ್ದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಐರ್ಲೆಂಡಿನ ಎಡ್ಡಿ ಜೋರ್ಡಾನ್ ಕಟ್ಟಿದ ತಂಡ 1991ರಲ್ಲಿ ಫಾರ್ಮುಲಾ ಒನ್‌ಗೆ ಇಳಿಯಿತು. ಅದೇ ವರ್ಷ ಬೆಲ್ಜಿಯಮ್ಮಿನ ಸ್ಪಾ ಓಟದಲ್ಲಿ ಮೈಕೇಲ್ ಶೂಮಾಕರ್ ಮೊದಲ ಸಲ ಓಡಿದ್ದು ಇದರ ಕಾರಿನಲ್ಲಿ. 1998ರಲ್ಲಿ ಅದೇ ಸ್ಪಾದಲ್ಲಿ ಡೇಮನ್ ಹಿಲ್ ತಂಡಕ್ಕೆ ಮೊದಲ ಗೆಲುವು ತಂದರು. ಕೊಯಮತ್ತೂರಿನ ನರೈನ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯರಾದದ್ದೂ ಜೋರ್ಡಾನ್ ತಂಡದಲ್ಲೇ. ಆ ಹೊತ್ತಿಗೆ ತಂಡವನ್ನು ಮಿಡ್‌ಲ್ಯಾಂಡ್ ಸಮೂಹ ಕೊಂಡಾಗಿತ್ತು. 2006ರಲ್ಲಿ ನೆದರ್ಲೆಂಡ್ಸ್‌ನ ಸ್ಪೈಕರ್ ಕಾರು ಕಂಪನಿ, 2007ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಮತ್ತು ಡಚ್ ಉದ್ಯಮಿ ಮಿಖೀಲ್ ಮೋಲ್ ಅದನ್ನು ಕೊಂಡರು. ಕೊನೆಯ ವ್ಯವಹಾರದ ಬೆಲೆ 8.8 ಕೋಟಿ ಯೂರೊ. ಹೀಗೆ ಮೂರು ವರ್ಷಗಳೊಳಗೆ ಒಂದೇ ಕಾರ್ಖಾನೆ ಮೂರು ಸಲ ಮಾರಾಟವಾಯಿತು. ಮೂರೂ ಸಲ ಕಂಪನಿ ಕಂಪನಿಯಾಗಿಯೇ ಉಳಿದಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಹೊಸ ಹೆಸರಿನ ಮೊದಲ ವರ್ಷವಾದ 2008ರಲ್ಲಿ ಫೋರ್ಸ್ ಇಂಡಿಯಾಕ್ಕೆ ಒಂದು ಅಂಕವೂ ದಕ್ಕಲಿಲ್ಲ. ಮರುವರ್ಷ ಆಗಸ್ಟ್ 30ರಂದು ಸ್ಪಾದಲ್ಲಿ ಜಿಯಾಂಕಾರ್ಲೊ ಫಿಸಿಕೆಲ್ಲಾ ಮೊದಲ ಸ್ಥಾನದಿಂದ ಓಟ ಆರಂಭಿಸಿ, ಫೆರಾರಿಯ ಕಿಮಿ ರೈಕೊನೆನ್ ಹಿಂದೆ ಎರಡನೆಯವರಾಗಿ ಗುರಿ ಮುಟ್ಟಿದರು. ತಂಡದ ಮೊದಲ ಅಂಕಗಳೇ ಎಂಟು, ಅದೂ ಒಂದೇ ಓಟದಲ್ಲಿ. ಕರ್ನಾಟಕದ ಬಹಳಷ್ಟು ಅಭಿಮಾನಿಗಳು ಈ ತಂಡಕ್ಕೆ ಮನಸ್ಸು ಕೊಟ್ಟದ್ದು ಆ ಭಾನುವಾರದ ನಂತರ. ಕೇಸರಿ, ಬಿಳಿ, ಹಸಿರು ಬಳಿದ ಕಾರು ಫೆರಾರಿಯ ಬೆನ್ನಿಗೆ ಅಂಟಿಕೊಂಡು ಓಡಿದ್ದನ್ನು ಟಿ.ವಿ.ಯಲ್ಲಿ ನೋಡಿದವರಿಗೆ, ಕಾರ್ಖಾನೆ ಎಲ್ಲಿದೆ, ಎಂಜಿನ್ ಯಾರದು ಎಂಬುದು ದೊಡ್ಡ ವಿಷಯವಾಗಿರಲಿಲ್ಲ.

2011ರಲ್ಲಿ ನಾಲ್ಕು ಸಂಗತಿಗಳು ಕೂಡಿಬಂದವು. ಸೆಪ್ಟೆಂಬರ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಬೆಂಗಳೂರಿನ ನೈಸ್ ರಸ್ತೆಯಲ್ಲಿ ಮೆಕ್‌ಲಾರೆನ್ ಕಾರು ಓಡಿಸಿದಾಗ ಜನ ಕಿಕ್ಕಿರಿದು ಸೇರಿದರು. ಅಕ್ಟೋಬರ್‌ನಲ್ಲಿ ಸಹಾರಾ ಸಮೂಹ 10 ಕೋಟಿ ಡಾಲರ್ ಕೊಟ್ಟು ತಂಡದ ಶೇ. 42.5ರಷ್ಟು ಪಾಲು ಪಡೆಯಿತು. ಅಕ್ಟೋಬರ್ 30ರಂದು ಗ್ರೇಟರ್ ನೊಯ್ಡಾದ ಬುದ್ಧ ಸರ್ಕೀಟಿನಲ್ಲಿ ಭಾರತದ ಮೊದಲ ಗ್ರಾಂಪ್ರಿ ನಡೆದು, ಫೋರ್ಸ್ ಇಂಡಿಯಾದ ಆಡ್ರಿಯನ್ ಸೂಟಿಲ್ ಒಂಬತ್ತನೆಯವರಾಗಿ ತವರಿನ ಅಂಕ ಗಳಿಸಿದರು. ತಂಡ ನಡೆಸಿದ ಬಾಲಪ್ರತಿಭಾ ಶೋಧದಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಆಯ್ಕೆಯಾದದ್ದೂ ಅದೇ ವರ್ಷ. ಭಾರತದ ಗ್ರಾಂಪ್ರಿ 2013ಕ್ಕೆ ನಿಂತುಹೋಯಿತು. ಮೈನಿ ಮುಂದೆ ಬೇರೆ ಸರಣಿಗಳಲ್ಲಿ ಹೆಸರು ಮಾಡಿದರು. ಫೋರ್ಸ್ ಇಂಡಿಯಾದ ಹತ್ತೂವರೆ ವರ್ಷಗಳಲ್ಲಿ ಒಂದೇ ಒಂದು ಓಟದಲ್ಲೂ ಅದರ ಕಾರನ್ನು ಭಾರತೀಯ ಚಾಲಕ ಓಡಿಸಲಿಲ್ಲ.

ಆದರೂ ತಂಡ ಏರುತ್ತಲೇ ಹೋಯಿತು. ದೊಡ್ಡ ತಂಡಗಳ ಖರ್ಚಿನ ಒಂದು ಭಾಗದಲ್ಲಿ ಸುಮಾರು 400 ಮಂದಿ ನೌಕರರು 2016ರಲ್ಲಿ 173, 2017ರಲ್ಲಿ 187 ಅಂಕ ಗಳಿಸಿ ಎರಡೂ ವರ್ಷ ನಾಲ್ಕನೆಯ ಸ್ಥಾನ ತಂದುಕೊಟ್ಟರು. ಅವರ ಮುಂದಿದ್ದದ್ದು ಮರ್ಸಿಡಿಸ್, ಫೆರಾರಿ, ರೆಡ್ ಬುಲ್ ಮಾತ್ರ. ಮಾಲೀಕರ ಕಥೆ ಇದಕ್ಕೆ ತಿರುವುಮುರುವು. ಮಲ್ಯರ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತ್ತು. ಸಹಾರಾದ ಸುಬ್ರತೋ ರಾಯ್ 2014ರ ಮಾರ್ಚ್‌ನಲ್ಲಿ ಜೈಲು ಸೇರಿದರು. ಮಲ್ಯ 2016ರ ಮಾರ್ಚ್‌ನಲ್ಲಿ ದೇಶ ಬಿಟ್ಟರು. ಕಾರಿನ ಬಣ್ಣವೂ 2017ರಲ್ಲಿ ಬದಲಾಯಿತು. ಆಸ್ಟ್ರಿಯಾದ ನೀರು ಶುದ್ಧೀಕರಣ ಕಂಪನಿ ಬಿಡಬ್ಲ್ಯುಟಿಯ ಪ್ರಾಯೋಜಕತ್ವಕ್ಕಾಗಿ ತ್ರಿವರ್ಣ ಹೋಗಿ ಗುಲಾಬಿ ಬಂತು. ಮಾರಾಟಕ್ಕೆ ಒಂದು ವರ್ಷ ಮೊದಲೇ, ಅಭಿಮಾನಿ ಕಣ್ಣಲ್ಲಿ ಗುರುತಿಟ್ಟುಕೊಂಡಿದ್ದ ಒಂದು ಚಿಹ್ನೆ ಮರೆಯಾಗಿತ್ತು.

2018ರ ಜುಲೈ 27ರಂದು, ಹಂಗೆರಿ ಗ್ರಾಂಪ್ರಿಯ ಶುಕ್ರವಾರ, ಲಂಡನ್ ಹೈಕೋರ್ಟ್ ತಂಡವನ್ನು ಆಡಳಿತಾಧಿಕಾರಿಗಳ ವಶಕ್ಕೆ ಒಪ್ಪಿಸಿತು. ಕೋರ್ಟಿಗೆ ಹೋದವರಲ್ಲಿ ಮುಂದಿದ್ದದ್ದು ತಂಡದ ಚಾಲಕ ಸೆರ್ಜಿಯೊ ಪೆರೆಜ್ ಕಡೆಯವರು. ಎಂಜಿನ್ ಕೊಡುತ್ತಿದ್ದ ಮರ್ಸಿಡಿಸ್, ಪ್ರಾಯೋಜಕ ಬಿಡಬ್ಲ್ಯುಟಿ ಅವರ ಬೆನ್ನಿಗಿದ್ದವು. ಬೇರೊಂದು ಸಾಲಕ್ಕಾಗಿ ತಂಡವನ್ನೇ ಮುಚ್ಚಿಸುವ ಅರ್ಜಿ ಬಾಕಿಯಿದ್ದದ್ದರಿಂದ, ಅದಕ್ಕೆ ಮೊದಲೇ ಈ ದಾರಿ ಹಿಡಿಯದಿದ್ದರೆ ಎಲ್ಲರ ಕೆಲಸವೂ ಹೋಗುತ್ತಿತ್ತು ಎಂದು ಪೆರೆಜ್ ಬಹಿರಂಗವಾಗಿ ಹೇಳಿದರು. ತನ್ನ ತಂಡವನ್ನೇ ಕೋರ್ಟಿಗೆ ಎಳೆದ ಚಾಲಕ ಎಂದು ಸಿಟ್ಟಾದವರು ಮೊದಲ ದಿನಗಳಲ್ಲಿದ್ದರು. ವಿಷಯ ತಿಳಿದ ಮೇಲೆ ಅವರಲ್ಲಿ ಹೆಚ್ಚಿನವರು ಪೆರೆಜ್ ಅವರನ್ನೇ ಮೆಚ್ಚಿದರು. ಆ ಮೆಚ್ಚುಗೆ ನ್ಯಾಯವಾದದ್ದೇ.

ಆಗಸ್ಟ್ ಮೊದಲ ವಾರದಲ್ಲಿ ಕೆನಡಾದ ಉದ್ಯಮಿ ಲಾರೆನ್ಸ್ ಸ್ಟ್ರೋಲ್ ನೇತೃತ್ವದ ಹೂಡಿಕೆದಾರರ ಗುಂಪು ಮುಂದೆ ಬಂತು. ಮೊದಲ ಉದ್ದೇಶ ಷೇರುಗಳ ಖರೀದಿಯೇ ಆಗಿತ್ತು. ಆದರೆ ಮಲ್ಯರ ಸ್ವತ್ತಿನ ಮೇಲೆ ಭಾರತದ 13 ಬ್ಯಾಂಕುಗಳು ಬ್ರಿಟನ್ನಿನ ಕೋರ್ಟಿನಿಂದ ತಡೆಯಾಜ್ಞೆ ಪಡೆದಿದ್ದವು. ಅವುಗಳ ಒಪ್ಪಿಗೆಯಿಲ್ಲದೆ ಷೇರುಗಳು ಕೈ ಬದಲಾಗುವಂತಿರಲಿಲ್ಲ. ಬೆಲ್ಜಿಯಂ ಓಟ ಆಗಸ್ಟ್ ಕೊನೆಯಲ್ಲಿತ್ತು, ಒಪ್ಪಿಗೆ ಸಮಯಕ್ಕೆ ಸಿಗಲಿಲ್ಲ. ಕೊನೆಗೆ ಆಡಳಿತಾಧಿಕಾರಿಗಳು ಷೇರಿನ ದಾರಿ ಬಿಟ್ಟು ವ್ಯವಹಾರವನ್ನೂ ಆಸ್ತಿಯನ್ನೂ ಮಾತ್ರ ‘ರೇಸಿಂಗ್ ಪಾಯಿಂಟ್ ಯುಕೆ’ ಎಂಬ ಹೊಸ ಕಂಪನಿಗೆ ಮಾರಿದರು. ನೌಕರರೆಲ್ಲರ ಕೆಲಸ ಉಳಿಯಿತು. ಹೆಚ್ಚು ಬೆಲೆ ಕೊಡಲು ತಾನು ಸಿದ್ಧವಿದ್ದೆ ಎಂದು ಇನ್ನೊಬ್ಬ ಬಿಡ್ಡುದಾರ, ರಷ್ಯಾದ ಉರಾಲ್ಕಾಲಿ ಕಂಪನಿ, ತಕರಾರೆತ್ತಿತು. ಆದರೂ ಮಾರಾಟ ಊರ್ಜಿತವಾಯಿತು.

ಇಲ್ಲಿಂದ ಮುಂದಿನದು ಅಭಿಮಾನಿಗಳನ್ನು ಹೆಚ್ಚು ನೋಯಿಸಿದ ಭಾಗ. ಹೊಸ ಕಂಪನಿ ನಿಯಮದ ಪ್ರಕಾರ ಹೊಸ ತಂಡ. ಹಳೆಯ ತಂಡವನ್ನು ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ ಚಾಂಪಿಯನ್‌ಷಿಪ್‌ನಿಂದ ಹೊರಗಿಟ್ಟಿತು. ಆ ವರ್ಷ ಅದು ಗಳಿಸಿದ್ದ 59 ಅಂಕಗಳು ತಂಡಗಳ ಪಟ್ಟಿಯಿಂದ ಅಳಿದುಹೋದವು. ಚಾಲಕರ ಅಂಕಗಳು ಉಳಿದವು. ಬಾಕು ಓಟದಲ್ಲಿ ಪೆರೆಜ್ ಮೂರನೆಯವರಾಗಿದ್ದಕ್ಕೆ ಪೆರೆಜ್‌ಗೆ ಅಂಕ ಇತ್ತು, ಆ ಕಾರನ್ನು ಕಟ್ಟಿದವರಿಗೆ ಇಲ್ಲ. ಅದೇ ಕಾರು, ಅದೇ ಮೆಕ್ಯಾನಿಕ್ಕುಗಳು, ಅದೇ ಚಾಲಕರು ಆಗಸ್ಟ್ 26ರಂದು ಸ್ಪಾದಲ್ಲಿ ‘ರೇಸಿಂಗ್ ಪಾಯಿಂಟ್ ಫೋರ್ಸ್ ಇಂಡಿಯಾ’ ಎಂಬ ಹೆಸರಿನಲ್ಲಿ ಸೊನ್ನೆಯಿಂದ ಆರಂಭಿಸಿ ಐದನೆಯ ಮತ್ತು ಆರನೆಯ ಸ್ಥಾನ ಪಡೆದರು. ಆ ಒಂದು ದಿನದ 18 ಅಂಕ ಹೊಸ ಖಾತೆಗೆ ಜಮೆಯಾಯಿತು. ವರ್ಷದ ಕೊನೆಗೆ ತಂಡಕ್ಕೆ ಸಿಕ್ಕಿದ್ದು 52 ಅಂಕ, ಏಳನೆಯ ಸ್ಥಾನ. ಅಳಿಸಿದ 59 ಸೇರಿದ್ದರೆ 111 ಆಗಿ ಐದನೆಯ ಸ್ಥಾನ ಬರುತ್ತಿತ್ತು. ಬಹುಮಾನದ ಹಣದ ಹಕ್ಕು ಹೊಸ ಕಂಪನಿಗೆ ಹೋಗಲು ಉಳಿದ ತಂಡಗಳು ಒಪ್ಪಿದವು. ಹಣಕ್ಕೆ ವಾರಸುದಾರಿಕೆ ಸಿಕ್ಕಿತು, ಅಂಕಕ್ಕೆ ಸಿಗಲಿಲ್ಲ. ಕಾನೂನಿನ ದೃಷ್ಟಿಯಿಂದ ಒಕ್ಕೂಟದ ತೀರ್ಮಾನಕ್ಕೆ ಆಧಾರವಿದೆ. ಆದರೆ ಹಣದ ವಿಷಯದಲ್ಲಿ ಸಾಧ್ಯವಾದ ಒಪ್ಪಂದ ಅಂಕದ ವಿಷಯದಲ್ಲಿ ಏಕೆ ಸಾಧ್ಯವಾಗಲಿಲ್ಲ ಎಂಬ ಅಭಿಮಾನಿಗಳ ಪ್ರಶ್ನೆಗೆ ನೇರ ಉತ್ತರವಿಲ್ಲ.

ಮಾರಾಟಕ್ಕೆ ಬಂದ ಪ್ರತಿಕ್ರಿಯೆ ಒಂದೇ ಬಗೆಯದಲ್ಲ. ಸಿಲ್ವರ್‌ಸ್ಟೋನ್ ಸುತ್ತಮುತ್ತ, ಜೋರ್ಡಾನ್ ಕಾಲದಿಂದ ತಂಡವನ್ನು ಹಿಂಬಾಲಿಸಿದವರಿಗೆ ಇದು ಹೆಚ್ಚಾಗಿ ನೆಮ್ಮದಿಯ ಸುದ್ದಿ: ಕಾರ್ಖಾನೆ ಉಳಿಯಿತು, ಸಂಬಳ ಬಂತು, ಕೊನೆಗೂ ಹಣವಿರುವ ಮಾಲೀಕ ಸಿಕ್ಕಿದ. ಅವರ ಅಳುಕು ಬೇರೆ. ಸ್ಟ್ರೋಲ್ ಅವರ ಮಗ ಲಾನ್ಸ್ ಆಗಲೇ ಫಾರ್ಮುಲಾ ಒನ್ ಚಾಲಕ. ತಂದೆ ತಂಡ ಕೊಂಡರೆ ಮಗನಿಗೆ ಜಾಗ ಬಿಡಬೇಕಾದವನು ಯಾರು? 2019ಕ್ಕೆ ಲಾನ್ಸ್ ಬಂದರು, ತಂಡದ ಇನ್ನೊಬ್ಬ ಚಾಲಕ, ಬಡ ಮೆಕ್ಯಾನಿಕ್ಕಿನ ಮಗ ಎಸ್ತೆಬಾನ್ ಒಕಾನ್ ಆ ವರ್ಷ ಓಡಲು ಕಾರಿಲ್ಲದೆ ಉಳಿದರು. ಪ್ರತಿಭೆಗಿಂತ ಹಣ ಮುಂದಾಯಿತೆಂಬ ಬೇಸರ ಭಾರತದಲ್ಲೂ ಅಷ್ಟೇ ಇತ್ತು.

ಕರ್ನಾಟಕದಲ್ಲಿ ಪ್ರತಿಕ್ರಿಯೆ ಇನ್ನೂ ಜಟಿಲ. ಕಿಂಗ್‌ಫಿಷರ್ ಏರ್‌ಲೈನ್ಸ್‌ನಲ್ಲಿ ದುಡಿದು ತಿಂಗಳುಗಟ್ಟಲೆ ಸಂಬಳ ಕಾಣದ ಕುಟುಂಬಗಳು ಬೆಂಗಳೂರಿನಲ್ಲಿದ್ದವು. ಅವರ ನೆರೆಹೊರೆಯವರಿಗೆ, ಸ್ನೇಹಿತರಿಗೆ ತಂಡದ ಗೆಲುವನ್ನು ಸಂಭ್ರಮಿಸುವುದು 2012ರಿಂದಲೇ ಕಷ್ಟವಾಗಿತ್ತು. ಮಾಲೀಕನ ಮೇಲಿನ ಸಿಟ್ಟನ್ನೂ ತಂಡದ ಮೇಲಿನ ಪ್ರೀತಿಯನ್ನೂ ಬೇರ್ಪಡಿಸಿ ಇಟ್ಟುಕೊಂಡವರಿಗೆ ಮಾರಾಟ ಒಂದು ಬಿಡುಗಡೆ. ಹೆಸರಿಗಾಗಿಯೇ ತಂಡವನ್ನು ಮೆಚ್ಚಿದ್ದವರಿಗೆ ಅದು ನಷ್ಟ. ಬೆಂಗಳೂರಿನಲ್ಲಾಗಲಿ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನಂಥ ಊರುಗಳಲ್ಲಾಗಲಿ, ಗ್ರಾಂಪ್ರಿ ಎಂದರೆ ಭಾನುವಾರ ಸಂಜೆ ಟಿ.ವಿ.ಯಲ್ಲಿ ನೋಡುವುದು. ಆ ನೋಟದಲ್ಲಿ ‘ನಮ್ಮದು’ ಎಂದು ಹಿಡಿದುಕೊಳ್ಳಲು ಇದ್ದದ್ದು ಹೆಸರು ಮಾತ್ರ, ಮಾರಾಟದಲ್ಲಿ ಹೋದದ್ದೂ ಅದೇ.

ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆಯಲ್ಲಿ ಹರಾಜಿನ ಬೆಲೆ ಹಿಡಿಸದಿದ್ದರೆ ಬೆಳೆಗಾರ ಅದನ್ನು ನಿರಾಕರಿಸಬಹುದು, ಇನ್ನೊಂದು ಸುತ್ತಿನ ಹರಾಜಿಗೆ ಕಾಯಬಹುದು. ಗೂಡು ಅವನದು, ಆದ್ದರಿಂದ ಮಾತೂ ಅವನದು. ಓಟದ ತಂಡದ ವಿಷಯದಲ್ಲಿ ಅಭಿಮಾನಿಗೆ ಅಂಥ ಮಾತಿಲ್ಲ. ವರ್ಷಗಟ್ಟಲೆ ಅಂಗಿ, ಟೋಪಿ, ಟಿಕೆಟ್ಟು ಕೊಂಡು, ಸೋತಾಗಲೂ ಜೊತೆಗಿದ್ದು ಹೆಸರಿಗೆ ಬೆಲೆ ತಂದವನು ಅವನೇ. ಸಾಲ ಕೊಟ್ಟವರ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಹಾಗೆಂದು ಅಭಿಮಾನಿಗಳು ಎಲ್ಲೆಡೆ ಸುಮ್ಮನಿದ್ದಾರೆಂದಲ್ಲ. ಇಟಲಿಯ ಫಾಯೆಂಜಾದ ಮಿನಾರ್ಡಿ ತಂಡವನ್ನು 2005ರಲ್ಲಿ ರೆಡ್ ಬುಲ್ ಕೊಂಡಾಗ ಹಳೆಯ ಹೆಸರು ಉಳಿಸಬೇಕೆಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು. ಹೆಸರು ಉಳಿಯಲಿಲ್ಲ, ಕಾರ್ಖಾನೆ ಮಾತ್ರ ಇಂದಿಗೂ ಫಾಯೆಂಜಾದಲ್ಲೇ ಇದೆ. 2014ರಲ್ಲಿ ಕೇಟರ್‌ಹ್ಯಾಮ್ ತಂಡ ದಿವಾಳಿಯಾದಾಗ ಆಡಳಿತಾಧಿಕಾರಿ ಸಾರ್ವಜನಿಕ ಚಂದಾ ಎತ್ತಿದರು. ಸಾವಿರಾರು ಜನ ಕೊಟ್ಟ ಹಣದಿಂದ ಕಾರುಗಳು ಅಬುಧಾಬಿಯಲ್ಲಿ ಕೊನೆಯ ಸಲ ಓಡಿದವು. ಮರುವರ್ಷ ತಂಡದ ಸಾಮಾನು ಬಿಡಿಬಿಡಿಯಾಗಿ ಹರಾಜಾಯಿತು.

ಕರ್ನಾಟಕದಲ್ಲೇ ಇದಕ್ಕೆ ಹತ್ತಿರದ ಹಳೆಯ ಕಥೆ ಮೈಸೂರಿನ ಐಡಿಯಲ್ ಜಾವಾದ್ದು. 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಕಟ್ಟಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿ ಕೋರ್ಟಿನ ಸಮಾಪನಾಧಿಕಾರಿಯ ಕೈಗೆ ಹೋಯಿತು. ಮಾರಾಟವಾದದ್ದು ಯಂತ್ರಗಳು ಮತ್ತು ನೆಲ. ಆದರೆ ಬೈಕುಗಳು ಜನರ ಮನೆಯಲ್ಲಿದ್ದವು, ಅವನ್ನು ಕಳಚಿ ಜೋಡಿಸಬಲ್ಲ ಮೆಕ್ಯಾನಿಕ್ಕುಗಳು ಮೈಸೂರು, ಬೆಂಗಳೂರಿನ ಬೀದಿಗಳಲ್ಲಿದ್ದರು. ಕ್ಲಬ್ಬುಗಳು ಹುಟ್ಟಿದವು, ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಬೈಕುಗಳು ಸಾಲಾಗಿ ರಸ್ತೆಗಿಳಿಯುತ್ತವೆ. ‘ಯೆಜ್ಡಿ’ ಎಂಬ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಕಾರ್ಖಾನೆ ಮುಚ್ಚಿ ಕಾಲು ಶತಮಾನ ಕಳೆದ ಮೇಲೂ ಕರ್ನಾಟಕ ಹೈಕೋರ್ಟಿನಲ್ಲಿ ನಡೆಯಿತು. ಅಭಿಮಾನಿಗಳು ಉಳಿಸಿಕೊಳ್ಳದಿದ್ದರೆ ಆ ಹೆಸರಿಗೆ ವ್ಯಾಜ್ಯ ಹೂಡುವಷ್ಟು ಬೆಲೆ ಇರುತ್ತಿರಲಿಲ್ಲ.

ಮಲ್ಯರ ಇನ್ನೊಂದು ತಂಡವಾದ, ಬೆಂಗಳೂರಿನ ಕ್ರಿಕೆಟ್ ತಂಡ ರಾಯಲ್ ಚಾಲೆಂಜರ್ಸ್‌ನ ಗತಿಯನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಆ ತಂಡದ ಒಡೆತನವಿದ್ದ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ಹಿಡಿತ ಷೇರುಗಳ ಮೂಲಕ ಡಿಯಾಜಿಯೊ ಕಂಪನಿಗೆ ಹೋಯಿತು; ಮಲ್ಯ 2016ರ ಫೆಬ್ರುವರಿಯಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ತಂಡ, ಹೆಸರು, ದಾಖಲೆ, ಚಿನ್ನಸ್ವಾಮಿ ಕ್ರೀಡಾಂಗಣ ಯಾವುದೂ ಅಲುಗಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಮೊದಲ ಐಪಿಎಲ್ ಕಪ್ ಗೆದ್ದಾಗ ಅಭಿಮಾನಿಗಳು 2008ರಿಂದ ಎಣಿಸಿದ ಹದಿನೆಂಟು ವರ್ಷಗಳಲ್ಲಿ ಒಂದೂ ಅಳಿಸಿಹೋಗಿರಲಿಲ್ಲ.

ಫೋರ್ಸ್ ಇಂಡಿಯಾಕ್ಕೆ ಇದಾವುದೂ ಒದಗಲಿಲ್ಲ. ಷೇರುಗಳು ಸಿಕ್ಕಿಬಿದ್ದದ್ದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ತಂಡ ಇಲ್ಲಿ ಏನನ್ನೂ ನೆಟ್ಟಿರಲಿಲ್ಲ. ಭಾರತದಲ್ಲಿ ಅದಕ್ಕೆ ಕಾರ್ಖಾನೆ ಇರಲಿಲ್ಲ, ಎಂಜಿನಿಯರುಗಳ ತಲೆಮಾರೊಂದು ಅದರಿಂದ ತಯಾರಾಗಲಿಲ್ಲ, ಚಾಲಕ ಬೆಳೆಯಲಿಲ್ಲ. ಜಾವಾ ಮುಚ್ಚಿದಾಗ ಮೈಸೂರಿನವರ ಕೈಯಲ್ಲಿ ಪಾನಾ ಇತ್ತು. ಫೋರ್ಸ್ ಇಂಡಿಯಾ ಮಾರಾಟವಾದಾಗ ಕನ್ನಡಿಗ ಅಭಿಮಾನಿಯ ಕೈ ಖಾಲಿ. ಇಲ್ಲಿಯ ಪ್ರತಿಕ್ರಿಯೆ ಕೆಲವೇ ವಾರಗಳಲ್ಲಿ ತಣ್ಣಗಾದದ್ದಕ್ಕೆ ಅಭಿಮಾನ ತೆಳುವಾಗಿದ್ದದ್ದು ಕಾರಣವಲ್ಲ. ಆ ಅಭಿಮಾನಕ್ಕೆ ನಿಲ್ಲಲು ನೆಲ ಕೊಡದ ಮಾಲೀಕರು ಅದಕ್ಕೆ ಹೊಣೆ.

2019ರಲ್ಲಿ ‘ಫೋರ್ಸ್ ಇಂಡಿಯಾ’ ಹೆಸರು ಪೂರ್ತಿ ಹೋಗಿ ‘ರೇಸಿಂಗ್ ಪಾಯಿಂಟ್’ ಉಳಿಯಿತು. 2020ರ ಡಿಸೆಂಬರ್ 6ರಂದು ಬಹ್ರೇನಿನ ಸಾಖಿರ್ ಗ್ರಾಂಪ್ರಿಯಲ್ಲಿ ಪೆರೆಜ್ ಗೆದ್ದರು. 2003ರ ನಂತರ ಆ ಕಾರ್ಖಾನೆ ಕಂಡ ಮೊದಲ ಗೆಲುವು ಅದು, ಫೋರ್ಸ್ ಇಂಡಿಯಾದ ಕಾಲದಲ್ಲಿ ಒಮ್ಮೆಯೂ ಬಾರದ್ದು. 2021ರಿಂದ ತಂಡ ಆಸ್ಟನ್ ಮಾರ್ಟಿನ್ ಹೆಸರಿನಲ್ಲಿ, ಹಸಿರು ಬಣ್ಣದಲ್ಲಿ ಓಡುತ್ತಿದೆ. 2018ರ ನಂತರ ಭಾರತದ ಹೆಸರು ಹೊತ್ತ ತಂಡ ಫಾರ್ಮುಲಾ ಒನ್‌ನಲ್ಲಿ ಓಡಿಲ್ಲ.